ಮೆತ್ತಗಿನ ಸ್ವಿಚ್ಚು

ಟೈಪಿಂಗ್ ಕೆಲಸಕ್ಕೆ ಕೂರುವ ಮೊದಲು ಅವಳು ದಿನವೂ ಕೀಬೋರ್ಡ್ ಒರೆಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಆಮೇಲೆ ಪಟಪಟ ಶುರು. ರಾತ್ರಿ ಪಾಳಿ ಮುಗಿಸಿ ಮಲಗಿದ ಗಂಡ ಒಳಗಿನಿಂದಲೇ ಕೂಗುತ್ತಿದ್ದ: "ಏನೇ, ಆಲಿಕಲ್ಲು ಬೀಳ್ತಿದೆಯಾ?"

"ಬಂದು ಆರಿಸ್ಕೊಳ್ಳಿ!" ಎನ್ನುತ್ತಿದ್ದಳು.

ಪಾಪ, ಅವನ ನಿದ್ದೆ ಕೆಡುತ್ತದೆಂದು ಕಂಪ್ಯೂಟರ್ ಅಂಗಡಿಗೆ ಹೋಗಿ, ಕೀಗಳ ಅಡಿಯಲ್ಲಿ ಕೂರುವ ಒಂದೊಂದೇ ಸ್ವಿಚ್ಚನ್ನು ಕಿವಿಯ ಹತ್ತಿರ ಹಿಡಿದು ಒತ್ತಿ ನೋಡಿ, ತೀರ ಮೆತ್ತಗಿನವನ್ನು ಹಾಕಿಸಿಕೊಂಡು ಬಂದಳು. ಗಂಡ ಗಡದ್ದಾಗಿ ನಿದ್ದೆ ಹೊಡೆದ. ಎದ್ದು, ಉಂಡು, ಕೆಲಸಕ್ಕೆ ಹೋದ. ಮರುದಿನವೂ ಹಾಗೆಯೇ. ತಮ್ಮಿಬ್ಬರ ನಡುವೆ ಉಳಿದಿದ್ದ ಮಾತು ಆ ಆಲಿಕಲ್ಲಿನದೊಂದೇ ಎಂದು ಆಗ ಗೊತ್ತಾಯಿತು. ಅವಳಿಗೆ ಅಳು ಬರಲಿಲ್ಲ; ಏನೂ ಅನ್ನಿಸಲಿಲ್ಲ.

ಅಂಗಡಿಯವನು ಫೋನ್ ಮಾಡಿದ. "ಅಕ್ಕಾ, ಸ್ಪೇಸ್ ಕೀ ಇನ್ನೂ ಲೊಟಲೊಟ ಅನ್ನತ್ತೆ ಅಲ್ವಾ? ತನ್ನಿ, ಗ್ರೀಸ್ ಹಚ್ಚಿ ಕೊಡ್ತೀನಿ. ದುಡ್ಡೇನೂ ಬೇಡ."

"ಬೇಡಪ್ಪಾ," ಎಂದಳು. "ಅದು ಹಾಗೇ ಇರ್ಲಿ."