ರಾಣೆಬೆನ್ನೂರಿಗೆ ಹೋದ ಎರಡನೇ ಯಂತ್ರ

ಮೇ ತಿಂಗಳ ಬಿಸಿಲಲ್ಲಿ ಹಾವೇರಿಯಿಂದ ಪ್ಯಾಸೆಂಜರ್ ರೈಲು ಹತ್ತಿದೆ. ಹಿಂದಿನ ದಿನ ಕದರಮಂಡಲಗಿಯಿಂದ ಗಿರಿಜಕ್ಕ ಫೋನು ಮಾಡಿದ್ದಳು. ಅವಳ ಮೆಣಸಿನಕಾಯಿ ಇದ್ದ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ತಂಪು ಮಾಡುವ ಯಂತ್ರ ಕೆಟ್ಟು ಎರಡು ವಾರವಾಗಿತ್ತಂತೆ. ಖಾರದ ಪುಡಿಯ ಗಿರಣಿ ಹಾಕಲು ಅಕ್ಕ ಮನೆಯ ಹಿಂದೆ ಕಟ್ಟೆ ಕಟ್ಟಿಸಿದ್ದಳು. ಆ ವರ್ಷದ ಒಳ್ಳೆಯ ಕಾಯಿಯನ್ನೆಲ್ಲ ಮಾರದೆ ಅದಕ್ಕೆಂದೇ ತೆಗೆದಿಟ್ಟಿದ್ದಳು.

ಬ್ಯಾಡಗಿಯಲ್ಲಿ ಇಳಿದಾಗ ಘಾಟಿಗೆ ಸೀನಿ ಸೀನಿ ಸಾಕಾಯಿತು. ನಿಲ್ದಾಣದಲ್ಲಿ ಕಾದಿದ್ದ ಅಕ್ಕನಿಗೆ ಮಿರ್ಚಿ, ಮಂಡಕ್ಕಿ ಕೊಡಿಸಿದೆ. ಅವಳು ಮುಟ್ಟಲಿಲ್ಲ. ನೇರ ಸ್ಟೋರೇಜಿಗೆ ನಡೆದೆವು. ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಎರಡು ಯಂತ್ರಗಳ ಭರವಸೆ’ ಎಂದಿತ್ತು. ಒಂದು ಕೆಟ್ಟರೆ ಇನ್ನೊಂದು ಇದೆಯೆಂದು ನಂಬಿಯೇ ಅಕ್ಕ ಅಲ್ಲಿ ಹೆಚ್ಚಿನ ಬಾಡಿಗೆ ಕೊಟ್ಟಿದ್ದಳು.

ಒಳಗೆ ಓಡಾಡುವ ದಾರಿಯಲ್ಲೂ ಚೀಲ ಒಟ್ಟಿದ್ದರು. ಒಂದು ಯಂತ್ರವನ್ನು ಬಿಚ್ಚಿ ಗೋಣಿತಟ್ಟಿನ ಮೇಲೆ ಹರವಿದ್ದರು. ಪಕ್ಕದಲ್ಲಿ ಬರಿಯ ಕಟ್ಟೆ, ಅದರ ಮೇಲೆ ಆಯುಧಪೂಜೆಯ ಕುಂಕುಮ.

“ಎರಡನೇದು ಎಲ್ಲಿ ಐತಿ?” ಎಂದಳು ಅಕ್ಕ.

ಯಂತ್ರ ನೋಡಿಕೊಳ್ಳುವ ನಾಗಪ್ಪ ತಲೆ ಕೆರೆದುಕೊಂಡ. “ರಾಣೆಬೆನ್ನೂರಾಗ ಐತ್ರಿ ಅಕ್ಕಾರ. ಸಾವ್ಕಾರ್ರ ಅಳಿಯಾರ ಐಸ್ ಫ್ಯಾಕ್ಟರಿಗೆ ಕೊಟ್ಟಾರ.”

ಅಷ್ಟರಲ್ಲಿ ಮಾಲೀಕರಾದ ಸಾಹುಕಾರರೇ ಬಂದರು. ನಾಚಿಕೆಯ ಸುಳಿವೂ ಇರಲಿಲ್ಲ. “ಸುಮ್ಮನ ಕುಂತಿತ್ರಿ. ಅಳಿಯ ಬಾಯಿಬಿಟ್ಟು ಕೇಳಿದಾಗ ಇಲ್ಲ ಅನ್ನಾಕ ಬರ್ತೈತೇನು? ಮದುವಿ ಸುಗ್ಗಿ ಮುಗೀಲಿ, ತರಸ್ತೀನಿ.”

ನನ್ನ ಮೈ ಉರಿದುಹೋಯಿತು. ನಮ್ಮ ಕಡೆ ಖಾಲಿ ನಿಂತ ಚಕ್ಕಡಿ ಗಾಡಿ ಕಂಡರೆ ಯಾರಿಗೂ ಸಮಾಧಾನವಿಲ್ಲ, ನೆಂಟರಿಗೆ ಕೊಟ್ಟರೇ ನೆಮ್ಮದಿ. ಆದರೆ ಊರಿನ ಮೆಣಸಿನಕಾಯಿ ಕಾಯಬೇಕಾದ ಯಂತ್ರವೂ ಚಕ್ಕಡಿಯೇ? ಒಂದೇ ಯಂತ್ರ ಉಳಿದಿದ್ದಾಗ ದಾರಿಯ ತುಂಬ ಚೀಲ ತುಂಬಿಸಿಕೊಳ್ಳಲು ಇವರಿಗೆ ಯಾವ ಧೈರ್ಯ? ಇದನ್ನೆಲ್ಲ ಮುಖಕ್ಕೆ ಹೇಳಿಯೇ ಅವರ ಜೀಪಿನಲ್ಲಿ ಅವರನ್ನೂ ಕೂರಿಸಿಕೊಂಡು ರಾಣೆಬೆನ್ನೂರಿಗೆ ಹೊರಟೆವು. ಮುಕ್ಕಾಲು ಗಂಟೆಯ ದಾರಿ. ಎರಡು ವಾರದಿಂದ ಇವರಿಗೆ ಅಷ್ಟು ದೂರ ಹೋಗಿಬರಲು ಆಗಿರಲಿಲ್ಲ!

ಐಸ್ ಫ್ಯಾಕ್ಟರಿಯಲ್ಲಿ ಯಂತ್ರ ಗುಂಯ್ಗುಡುತ್ತಿತ್ತು. “ಬರ್ರಿ, ಕುಂದ್ರಿ” ಎಂದು ಅಳಿಯ ಐಸು ಹಾಕಿದ ಶರಬತ್ತು ತರಿಸಿದ. ಅಕ್ಕ ಲೋಟವನ್ನು ನೆಲಕ್ಕಿಟ್ಟಳು.

“ಸುಮ್ಮನ ಕುಂತಿತ್ತು ಅಂದ್ರೆಲ್ಲಾ ಸಾವ್ಕಾರ್ರ, ಅದು ಸುಮ್ಮನ ಕುಂದ್ರಲಿ ಅಂತನ ನಾ ಬಾಡಿಗಿ ಕೊಟ್ಟೇನಿ.”

ಅಕ್ಕ ಯಂತ್ರದ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. “ಇದನ್ನ ಬಿಚ್ಚೂತನಕ ನಾ ಏಳೂದಿಲ್ಲ.”

ಮದುವೆ ಮನೆಗಳವರು ಐಸಿಗೆ ಬಂದು ಗೊಣಗುತ್ತಿರುವಾಗಲೇ ಯಂತ್ರ ನಿಂತಿತು. ಮರುದಿನ ಅದು ಟೆಂಪೋ ಏರಿತು. ಚಾಲಕ ಮುಂದೆ ಕರೆದರೂ ಹೋಗದೆ ಅಕ್ಕ ಬಿಸಿಲಲ್ಲೇ ಹಿಂದೆ ಯಂತ್ರದ ಜತೆ ಕೂತು ಬಂದಳು.

ಅದನ್ನು ಕೂರಿಸಿ ಚಾಲೂ ಮಾಡಿದ ಮೇಲೆ ಚೀಲ ಬಿಚ್ಚಿಸಿದೆವು. ಅಕ್ಕ ಒಂದು ಕಾಯಿ ಮುರಿದು ಅಂಗೈಗೆ ತಿಕ್ಕಿದಳು. ಕೆಂಪೇರಬೇಕಾಗಿದ್ದ ಅಂಗೈ ಮಣ್ಣಿನ ಬಣ್ಣಕ್ಕೆ ತಿರುಗಿತು. ಇನ್ನೊಂದು ಚೀಲ, ಮತ್ತೊಂದು ಚೀಲ, ಎಲ್ಲ ಹಾಗೇ.

“ಖಾರ ಐತಿ ತಮ್ಮಾ. ಬಣ್ಣ ಹೋಗೇತಿ” ಎಂದಳು. ಬಣ್ಣಕ್ಕೇ ಹೆಸರಾದ ಬ್ಯಾಡಗಿ ಕಾಯಿಯನ್ನು ಖಾರಕ್ಕೆಂದು ಕೊಳ್ಳುವವರು ಯಾರು?

“ಮಷೀನ್ ಬಂತಲ್ಲ, ಮತ್ತೇನ್ರಿ?” ಎಂದರು ಸಾಹುಕಾರರು. ಅಕ್ಕ ಚೀಲದ ಬಾಯಿ ಕಟ್ಟತೊಡಗಿದಳು.

ಸಂಜೆಯ ರೈಲಿಗೆಂದು ಹೊರಬಿದ್ದಾಗ ತಿರುಗಿ ನೋಡಿದೆ. ಗೋಡೆಯ ಮೇಲಿನ ಆ ಅಕ್ಷರಗಳು ಮಾತ್ರ ಇನ್ನೂ ಕೆಂಪಗೇ ಇದ್ದವು.