ಗೂಳಪ್ಪನ ಮೂಗಿನ ಗಾಡಿ

ಯೆರವಡಾದಲ್ಲಿ ಗೂಳಪ್ಪನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ತಗಡಿನ ಗೋಡೆ. ಅವನು ಆ ಕಡೆ ನಿಟ್ಟುಸಿರು ಬಿಟ್ಟರೆ ಈ ಕಡೆ ನನಗೆ ಕೇಳುತ್ತಿತ್ತು. ಇಂಡಿ ಕಡೆಯಿಂದ ಬಂದವನು, ಲಾರಿ ಡ್ರೈವರ್. ಕಿರಾಣಿ ಸಾಮಾನಿನ ಲಾರಿಯಲ್ಲ. ಸಕ್ಕರೆ ಕಾರ್ಖಾನೆಯ ಬಾಯ್ಲರು, ಕರೆಂಟಿನ ದೊಡ್ಡ ಟ್ರಾನ್ಸ್‌ಫಾರ್ಮರು, ಇಂಥವನ್ನು ಉದ್ದನೆಯ ಟ್ರೇಲರಿನ ಮೇಲೆ ಹೇರಿಕೊಂಡು ಮೆಲ್ಲಗೆ ಎಳೆಯುವ ಗಾಡಿ.

ಆ ಗಾಡಿಗೆ ಮೂಗಿತ್ತು. ಇಂಜಿನ್ನು ಡ್ರೈವರನ ಮುಂದೆ, ಉದ್ದನೆಯ ಬಾನೆಟ್ಟಿನೊಳಗೆ. ಅದರ ತುದಿಗೆ ಗೂಳಪ್ಪ ಹಿತ್ತಾಳೆಯ ಬಸವಣ್ಣನನ್ನು ಕೂಡಿಸಿದ್ದ. ಬಸವಣ್ಣನ ಕೊಂಬು ನೋಡಿಕೊಂಡೇ ತಿರುಗಿಸುವುದು, ನಿಲ್ಲಿಸುವುದು. ಟ್ರೇಲರ್ ಬಿಚ್ಚಿಟ್ಟು ಗಾಡಿಯೊಂದನ್ನೇ ಓಣಿಯ ಬಾಯಿಗೆ ತಂದರೆ ನಮ್ಮ ಮನೆಯ ಲೋಟಗಳು ಗಲಗಲ ಅನ್ನುತ್ತಿದ್ದವು. ಅವನ ಹೆಂಡತಿ ನಾಗವ್ವ ಆ ಸದ್ದಿಗೇ ಒಲೆಯ ಮೇಲೆ ಹಂಚು ಇಡುತ್ತಿದ್ದಳು.

ಆಮೇಲೆ ಕಂಪನಿಯವರು ಅಂಥ ಗಾಡಿ ಮಾಡುವುದನ್ನೇ ಬಿಟ್ಟರಂತೆ. ಬಿಡಿಭಾಗಗಳು ಸಿಗದಾದವು. ಗುಜರಿಯಲ್ಲಿ ಹುಡುಕಿ ತಂದು ಗೂಳಪ್ಪ ಕೆಲವು ವರ್ಷ ನಡೆಸಿದ. ಕೊನೆಗೆ ಎರಡು ಸಾವಿರದ ಮೂರರಲ್ಲೋ ನಾಲ್ಕರಲ್ಲೋ ಅವನ ಶೇಠ್ ಅದನ್ನು ಇಂದಾಪುರದ ಭುಜಂಗ ಎಂಬ ಕಬ್ಬು ಸಾಗಿಸುವವನಿಗೆ ಬಸವಣ್ಣನ ಸಮೇತ ಮಾರಿ, ಗೂಳಪ್ಪನಿಗೆ ಚಪ್ಪಟೆ ಮುಖದ ಹೊಸ ಗಾಡಿ ಕೊಟ್ಟ.

ತಕರಾರು ಅಲ್ಲಿಂದ ಶುರುವಾಯಿತು. ಹೊಸ ಗಾಡಿಯನ್ನು ಎಲ್ಲಿ ನಿಲ್ಲಿಸಿದರೂ ಒಂದು ಮೂಗಿನಷ್ಟು ಹಿಂದೆ. ಗೋಡೆಯಿಂದ ದೂರ, ಕ್ರೇನಿನಿಂದ ದೂರ. ಇಲ್ಲದ ಬಾನೆಟ್ಟಿಗೆ ಅವನು ಜಾಗ ಬಿಡುತ್ತಿದ್ದ. ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಗಾಲಿಗೆ ಕಟ್ಟಿಗೆ ಕೊಡಲು ಗಾಡಿಯ ಹಿಂದೆ ನಡೆಯುವ ಮಾಂತು ಎಲ್ಲರೆದುರು ಕೂಗುತ್ತಿದ್ದ: "ಗೂಳಣ್ಣಾ, ಮೂಗು ಇಂದಾಪುರದಾಗ ಅದ! ಇನ್ನೊಂದೀಟು ಮುಂದ ಬರ್ರಿ!" ಹೀಗೇ ಆದರೆ ಬೇರೆ ಡ್ರೈವರನನ್ನು ನೋಡಿಕೊಳ್ಳುತ್ತೇನೆ ಎಂದ ಶೇಠ್.

ಸಂಜೆ ಮನೆಗೆ ಬಂದವನು ಬಾಗಿಲಿಗೂ ನಲ್ಲಿಗೂ ತಿರುಗುವುದೇ ತಿರುಗುವುದು.

"ಕೂಡ್ರಿ ಒಂದ್ ಕಡೆ. ಕಾಲಿಗೇನ್ ಗಾಲಿ ಕಟ್ಕೊಂಡೀರಿ?" ಎನ್ನುತ್ತಿದ್ದಳು ನಾಗವ್ವ.

"ನಿನಗ ತಿಳಿಯಾಂಗಿಲ್ಲ. ಮೊದಲ ನನ್ನ ಮುಂದ ಯಾರೋ ಒಬ್ಬಾಂವ ನಡದಂಗ ಇರ್ತಿತ್ತು. ಈಗ ಗಾಜು ಬಿಟ್ರ ರಸ್ತಾನ. ಎಲ್ಲಾ ಮೈಮ್ಯಾಲೇ ಬರ್ತದ."

"ಆ ಯಾರೋ ಒಬ್ಬಾಂವ ನಿಮಗ ರೊಟ್ಟಿ ಬಡದು ಹಾಕ್ತಿದ್ನೇನು?"

ಒಂದು ದಿನ ಅವನು ನಿಶ್ಚಯ ಮಾಡಿಬಿಟ್ಟ. ಭುಜಂಗನ ಹತ್ತಿರ ಡ್ರೈವರಾಗಿ ನಿಲ್ಲುವುದು, ಯೆರವಡಾ ಬಿಡುವುದು. ನಾಗವ್ವ ನಾಲ್ಕು ಮನೆಗೆ ರೊಟ್ಟಿ ಮಾಡಿಕೊಟ್ಟು ತನ್ನ ಕಾಲ ಮೇಲೆ ನಿಂತವಳು. ಗೋಡೆಯ ಈಚೆ ಬಂದು, "ಅಕ್ಕಾ, ನೀವೂ ಬರ್ರಿ. ನನ್ನ ಮಾತು ಅವರ ಕಿವಿಗೆ ಬೀಳಾಂಗಿಲ್ಲ" ಎಂದಳು. ಮೂವರೂ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಇಂದಾಪುರದ ಕೆಂಪು ಬಸ್ಸು ಹತ್ತಿದೆವು.

ಭುಜಂಗನ ಅಂಗಳದಲ್ಲಿ ಗಾಡಿ ತೊಳೆದು ಅರಿಶಿನ ಹಚ್ಚಿಸಿಕೊಂಡು ನಿಂತಿತ್ತು. ಭುಜಂಗ ಮರಾಠಿಯಲ್ಲಿ ಹೊಗಳಿದ್ದೇ ಹೊಗಳಿದ್ದು: ಇದನ್ನು ಕೇಳಿಕೊಂಡು ಎಷ್ಟು ಜನ ಬರುತ್ತಾರೆ, ನಾನು ಕೊಡುವುದಿಲ್ಲ, ಕೆಟ್ಟರೆ ಊರ ಕಮ್ಮಾರನೇ ಸಾಕು, ನನ್ನ ಡ್ರೈವರ್ ಕೆಲಸ ಬಿಡುತ್ತಿದ್ದಾನೆ, ನೀನು ಒಂದು ಸುತ್ತು ಹಾಕಿ ತೋರಿಸು.

ಗೂಳಪ್ಪ ಟೈರು ಮುಟ್ಟಿ ಹಣೆಗೆ ಒತ್ತಿಕೊಂಡು ಹತ್ತಿದ. ಇಂಜಿನ್ನು ಗುಡುಗಿತು. ಅದೇ ಸದ್ದು. ನನ್ನ ಪಕ್ಕದಲ್ಲಿ ನಿಂತಿದ್ದ ನಾಗವ್ವ ತನಗರಿವಿಲ್ಲದೆ ಹಂಚು ಇಡಲು ತಿರುಗಿದಳು. ಅಲ್ಲಿ ಒಲೆಯೆಲ್ಲಿ ಬರಬೇಕು.

ಹೊಲದ ದಾರಿಯಲ್ಲಿ ಸುತ್ತು ಹಾಕಿ ಚೆನ್ನಾಗಿಯೇ ಬಂದ. ಅಂಗಳದ ತುದಿಯಲ್ಲಿ ಜೋಳದ ಕಣಿಕೆಯ ಬಣವೆ. ಅದರ ಮುಂದೆ ಬ್ರೇಕ್ ಒತ್ತಿದ. ಒತ್ತಿದ್ದು ಒಂದು ಮೂಗಿನಷ್ಟು ತಡವಾಯಿತು. ಬಸವಣ್ಣ ಕುತ್ತಿಗೆಯವರೆಗೆ ಬಣವೆಯೊಳಗೆ ಹೊಕ್ಕ. ಬಾನೆಟ್ಟಿನ ಮೇಲೆ ಕಣಿಕೆ ಸುರಿಯಿತು.

ಭುಜಂಗ ತೊಡೆ ತಟ್ಟಿ ನಕ್ಕ. "ಎತ್ತಿಗೆ ಹಸಿವಾಗಿತ್ತು, ಮೇಯಲಿ ಬಿಡು! ನಾಳೆಯಿಂದಲೇ ಬಾ."

ಗೂಳಪ್ಪ ಇಳಿದು ಬಂದು ಬಸವಣ್ಣನ ಕೊಂಬಿಗೆ ಸಿಕ್ಕ ಕಣಿಕೆಯನ್ನು ಒಂದೊಂದಾಗಿ ಬಿಡಿಸಿದ.

"ಬ್ಯಾಡ್ರಿ" ಎಂದ, ಮರಾಠಿ ಮರೆತು ಕನ್ನಡದಲ್ಲಿ. "ಬಣವಿ ಬದಲಿ ಮಂದಿ ಇದ್ದಿದ್ರ?"

ಬಸ್ಸಿನಲ್ಲಿ ಅವನು ಡ್ರೈವರನ ಹಿಂದಿನ ಸೀಟಿನಲ್ಲೇ ಕುಳಿತ. ನಾನು ಅವನ ಬಲಗಾಲನ್ನು ನೋಡುತ್ತಿದ್ದೆ. ಆ ಚಪ್ಪಟೆ ಮುಖದ ಬಸ್ಸಿನ ಡ್ರೈವರ್ ಬ್ರೇಕ್ ಒತ್ತಿದಾಗಲೆಲ್ಲ, ಸರಿಯಾಗಿ ಅದೇ ಹೊತ್ತಿಗೆ, ಗೂಳಪ್ಪನ ಪಾದವೂ ನೆಲ ಒತ್ತುತ್ತಿತ್ತು. ಚಪ್ಪಟೆ ಗಾಡಿಯ ಅಳತೆಯನ್ನು ಆ ಕಾಲು ಯಾವತ್ತು ಕಲಿತುಬಿಟ್ಟಿತೋ. ಅವನೂ ಅದನ್ನು ನೋಡಿದ, ಮತ್ತೊಬ್ಬರ ಕಾಲು ನೋಡುವ ಹಾಗೆ.

ಮರುದಿನ ಹೊಸ ಗಾಡಿ ಗೋಡೆಗೆ ಒಂದು ಗೇಣು ಬಿಟ್ಟು ನಿಂತಿತಂತೆ. ನಾಲಿಗೆ ತುದಿಗೆ ಬಂದ ಕುಚೋದ್ಯವನ್ನು ಮಾಂತು ನುಂಗಿಕೊಳ್ಳಬೇಕಾಯಿತು. ಕೆಲಸ ಉಳಿಯಿತು, ಮನೆ ಉಳಿಯಿತು, ನಾಗವ್ವನ ರೊಟ್ಟಿಯ ಮನೆಗಳೂ ಉಳಿದವು. ಗೂಳಪ್ಪನ ತಿರುಗಾಟ ಮಾತ್ರ ನಿಲ್ಲಲಿಲ್ಲ. ಒಂದು ಸಂಜೆ ನಮ್ಮ ಲೋಟಗಳು ಗಲಗಲ ಎಂದವು. ಉಣ್ಣುತ್ತಿದ್ದ ತಟ್ಟೆ ಸರಿಸಿ ಅವನು ಬರಿಗಾಲಲ್ಲಿ ಓಣಿಯ ಬಾಯಿಗೆ ಓಡಿದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಹೆಜ್ಜೆಗಳು ತಿರುಗಿ ಬಂದವು.

"ಬ್ಯಾರೆಯವರದು" ಎಂದ.

"ನಿಮ್ದು ಯಾವಾಗ ಇತ್ತು? ರೊಟ್ಟಿ ಆರಾಕತ್ತದ, ಉಣ್ರಿ" ಎಂದಳು ನಾಗವ್ವ.

ಅವನು ಕುಳಿತ. ಕಾಲು ತಗಡಿಗೆ ತಾಗಿ ಟಕಟಕ ಎನ್ನುತ್ತಲೇ ಇತ್ತು.