ರೇಷ್ಮೆಗೆ ಹೊಂದುವ ಪ್ಲೇಟು

ಹೊಲಿಯುವವಳು ನಾನು, ಮಷೀನು ನನ್ನದು. ಆದರೆ ಮಷೀನಿನ ಸಾಮಾನು ಮಾರುವ ಬೆಳಗಾವಿಯ ಆ ದೊಡ್ಡ ಅಂಗಡಿಯವನು ಮಾತಾಡಿಸಿದ್ದು ಪಕ್ಕದಲ್ಲಿ ನಿಂತ ನನ್ನ ಗಂಡನನ್ನು.

"ಯಾವ ಮಷಿನ್ ರೀ ಸಾಹೇಬ್ರ?"

ನಮ್ಮವರಿಗೆ ಸೂಜಿಗೆ ದಾರ ಪೋಣಿಸಲೂ ಬಾರದು. ಅಂಗಿಯ ಗುಂಡಿ ಕಿತ್ತರೆ ತಂದು ನನ್ನ ಮುಂದೆ ಒಗೆಯುವ ಪೈಕಿ. ಆದರೂ ದೊಡ್ಡ ತಿಳಿದವರಂತೆ ಹೇಳಿಬಿಟ್ಟರು: "ಮನಿ ಬಳಕಿದ್ರಿ. ಇಕಿ ಟೈಮ್ ಪಾಸ್‌ಗೆ ಹೊಲೀತಾಳ."

ನನಗೆ ಪಿತ್ತ ನೆತ್ತಿಗೇರಿತು. ಖಾನಾಪುರದ ನಮ್ಮ ಪಡಸಾಲೆಯಲ್ಲಿ ಬೆಳಿಗ್ಗೆ ಕಸ ಗುಡಿಸಿ ಮಷೀನಿಗೆ ಕುಳಿತರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಏಳುವವಳು ನಾನು. ಅದು ಕಾರ್ಖಾನೆಗಳಲ್ಲಿ ಓಡುವಂಥ ಪವರ್ ಮಷೀನು, ನನ್ನ ದುಡಿಮೆಯಿಂದಲೇ ತಂದದ್ದು. ಮನೆಯ ಅರ್ಧ ಖರ್ಚು ಅದರ ಮೇಲೆಯೇ ನಡೆಯುತ್ತದೆ. ಇಷ್ಟೆಲ್ಲಾ ಇವರಿಗೆ ಟೈಮ್ ಪಾಸ್!

ಅಂಗಡಿಗೆ ಬರಬೇಕಾಗಿ ಬಂದದ್ದೂ ಇದೇ ತಾತ್ಸಾರದಿಂದ. ಹಿಂದವಾಡಿಯ ತವರಿಗೆ ನಾನು ಹೋಗಿ ಬರುವಷ್ಟರಲ್ಲಿ ಮೈದುನ ನನ್ನ ಮಷೀನಿಗೆ ಕೈ ಹಾಕಿದ್ದ. ಅವನದು ಟೆಂಪೋಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ. ಅವನ ಮಷೀನು ಕೆಟ್ಟಿತ್ತಂತೆ. ಒಬ್ಬ ಮೇಸ್ತ್ರಿಯನ್ನು ಕರೆತಂದು, ಸೂಜಿ ಇಳಿಯುವ ತೂತಿರುವ ಪ್ಲೇಟು, ಅದರ ಕೆಳಗೆ ಬಟ್ಟೆಯನ್ನು ಮುಂದಕ್ಕೆ ದೂಡುವ ಹಲ್ಲು, ಮೇಲಿನಿಂದ ಒತ್ತಿ ಹಿಡಿಯುವ ಫೂಟು, ಎಲ್ಲ ಬಿಚ್ಚಿಸಿ ದಪ್ಪ ರೆಕ್ಸಿನ್ನಿಗೆ ತಕ್ಕಂಥವು ಹಾಕಿಸಿಕೊಂಡಿದ್ದ. ಕೆಲಸ ಮುಗಿದ ಮೇಲೆ ಹಾಗೇ ಬಿಟ್ಟು ಹೋಗಿದ್ದ. ನನ್ನವು ಎಲ್ಲಿ ಎಂದರೆ, "ಎಲ್ಲ್ಯರ ಇರ್ತಾವ್ರಿ ವೈನಿ" ಎಂದ.

ಅತ್ತೆ ಮಗನ ಪರ ನಿಂತರು. "ಮೈಮ್ಯಾಲ ಯಾಕ ಬರ್ತಿ ಅವನ? ನಾಕ್ ಸೀಟ್ ಹೊಲ್ಕೊಂಡಾನ. ಅಷ್ಟಕ್ಕ ಸವದ ಹೋಗೇತೇನ್ ಮಷಿನ್?"

ಸವೆದಿರಲಿಲ್ಲ, ನಿಜ. ಆದರೆ ನನ್ನ ಕಪಾಟಿನಲ್ಲಿ ಬೆಳಗಾವಿಯ ವಡಗಾವಿ ಭಾಗದ ನೇಕಾರರ ಮನೆಯ ಹುಡುಗಿಯ ಮದುವೆಯ ಬ್ಲೌಸಿನ ಬಟ್ಟೆ ಇತ್ತು. ಅಪ್ಪ ತಾನೇ ಮಗ್ಗಕ್ಕೆ ಕುಳಿತು ಮಗಳಿಗೆಂದು ಸೀರೆ ನೇಯ್ದು, ಅದರ ಕೊನೆಯಲ್ಲೇ ಈ ತುಂಡನ್ನೂ ನೇಯ್ದಿದ್ದ. ಆ ಉದ್ದ ಎಳೆಗಳ ಹಾಸು ಮುಗಿದು ಮಗ್ಗದ ಮೇಲೆ ಬೇರೆ ಬಣ್ಣ ಏರಿತ್ತು. ಇದು ಕೆಟ್ಟರೆ ಇಂಥದೇ ಇನ್ನೊಂದಿಲ್ಲ. ಹುಡುಗಿಯ ತಾಯಿ ಅಲ್ಲಿಯ ಅಷ್ಟೂ ಟೇಲರುಗಳನ್ನು ಬಿಟ್ಟು ಬಸ್ಸು ಹತ್ತಿ ಖಾನಾಪುರಕ್ಕೆ ಬಂದು, "ನಿಮ್ಮ ಕೈ ಮ್ಯಾಲ ಭರೋಸಾ ಐತ್ರೀ ಅಕ್ಕಾರ" ಎಂದು ಕೊಟ್ಟು ಹೋಗಿದ್ದಳು. ಕತ್ತರಿಸುವ ಮೊದಲು ಅಂಚಿನ ಸಣ್ಣ ಪಟ್ಟಿಯ ಮೇಲೆ ಹೊಲಿಗೆ ಹಾಕಿ ನೋಡಿದೆ. ಅಗಲ ತೂತಿನೊಳಗೆ ಸೂಜಿ ರೇಷ್ಮೆಯನ್ನೂ ತುರುಕಿಕೊಂಡು ಇಳಿಯಿತು. ಬಟ್ಟೆ ಸುಕ್ಕಾಯಿತು, ಕೆಳಗಡೆ ದಪ್ಪ ಹಲ್ಲಿನ ಗೀರುಗಳು ಸಾಲಾಗಿ ಎದ್ದವು. ರೇಷ್ಮೆಗೆ ಒಮ್ಮೆ ಗೀರು ಬಿದ್ದರೆ ಮುಗಿಯಿತು, ಇಸ್ತ್ರಿಗೂ ಹೋಗುವುದಿಲ್ಲ. ಆ ಪಟ್ಟಿಯನ್ನು ಹಿಡಿದುಕೊಂಡೇ ನಾನು ಬೆಳಗಾವಿಗೆ ಹೊರಟಿದ್ದೆ.

"ಸಣ್ಣ ತೂತಿನ ಪ್ಲೇಟ್ ಬೇಕ್ರಿ, ರೇಷ್ಮಿಗೆ. ಹಲ್ಲೂ ನಾಜೂಕ ಇರಬೇಕು" ಎಂದೆ.

ಅಂಗಡಿಯವನು ಒಂದು ಪಾಕೀಟು ತೆಗೆದು ನಮ್ಮವರ ಕೈಗೆ ಕೊಟ್ಟ. "ಇದ ಎಲ್ಲಾ ಅರಿವಿಗೂ ನಡೀತೈತ್ರಿ ಸಾಹೇಬ್ರ."

"ಒಡದ ತೋರಸ್ರಿ. ನನ್ನ ಸೂಜಿ ಇಳಿಸಿ ನೋಡ್ತೇನಿ."

ಅವನು ನಕ್ಕ. "ನೋಡಿದ್ರ ನಿಮಗೇನ್ ತಿಳೀತೈತ್ರಿ ವೈನಿ? ಮೇಸ್ತ್ರಿನ್ನ ಕಳಸ್ರಿ."

"ಆ ಮೇಸ್ತ್ರಿನ ಬಿಚ್ಚಿ ಹಾಳ ಮಾಡ್ಯಾನ್ರಿ!"

ನಮ್ಮವರು ನನ್ನ ಮೊಣಕೈ ಜಗ್ಗಿದರು. "ಕೊಟ್ಟದ್ದ ತಗೋ. ಮಂದಿ ನೋಡಾಕತ್ತಾರ."

ನೋಡಲಿ. ಪಾಕೀಟು ಕಿತ್ತುಕೊಂಡು ಕಟ್ಟೆಯ ಮೇಲೆ ಕುಕ್ಕಿದೆ. "ಅಂಗಡಿ ನೀವೂ ಟೈಮ್ ಪಾಸ್‌ಗೆ ಇಟ್ಟೀರೇನ್ರಿ?" ಎಂದು ಕೇಳಿ ಹೊರಗೆ ಬಂದೆ. ನಮ್ಮವರು ಗಾಡಿ ಹತ್ತುವವರೆಗೂ ಗೊಣಗುತ್ತಲೇ ಇದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ವಡಗಾವಿಗೆ ಬಿಡಿ ಎಂದಷ್ಟೇ ಹೇಳಿದೆ.

ಅಲ್ಲಿ ಒಂದು ಓಣಿಯಲ್ಲಿ ಮಷೀನಿನ ಸಾಮಾನು ಮಾರುವ ಸಣ್ಣ ಅಂಗಡಿಯಿದೆ. ಕುಳಿತಿದ್ದ ಮುದುಕ ನಮ್ಮವರ ಕಡೆ ನೋಡಲೂ ಇಲ್ಲ. ನನ್ನನ್ನೇ ಕೇಳಿದ: "ಅರಿವಿ ಯಾವುದ್ರೀ?"

ಬಟ್ಟೆ ಯಾವುದು ಎಂಬುದೇ ಮೊದಲು ಕೇಳಬೇಕಾದದ್ದು. ಪಟ್ಟಿಯನ್ನು ತೆಗೆದು ಅವನ ಮುಂದೆ ಇಟ್ಟೆ. ಅವನು ಪೇಪರ್ ಹಾಸಿ ಪ್ಲೇಟುಗಳನ್ನು ಸುರಿದ. ಒಂದೊಂದಕ್ಕೂ ನನ್ನ ಸೂಜಿ ಇಳಿಸಿ, ಸುತ್ತ ಎಷ್ಟು ಸಂದು ಉಳಿಯುತ್ತದೆಂದು ಬೆಳಕಿಗೆ ಹಿಡಿದು ನೋಡಿದೆ. ಸೂಜಿ ಮಾತ್ರ ಹೋಗಬೇಕು, ಬಟ್ಟೆ ಹೋಗಬಾರದು. ಅದಕ್ಕೆ ಜೋಡಿಯಾಗುವ ಸಣ್ಣ ಹಲ್ಲು ಆರಿಸಿದೆ. ಒಂದು ಫೂಟಿನ ಅಡಿಯಲ್ಲಿ ಬೆರಳಾಡಿಸಿದಾಗ ಏನೋ ತರಚಿತು, ಅದನ್ನು ಪಕ್ಕಕ್ಕಿಟ್ಟು ನುಣುಪಾದ ಬಿಳಿಯ ಟೆಫ್ಲಾನ್ ಫೂಟು ತೆಗೆದುಕೊಂಡೆ. ಮುದುಕ ಅಂಗಡಿಯ ಮಷೀನಿಗೇ ಎಲ್ಲ ಹಾಕಿಕೊಟ್ಟು, "ಹೊಲದ ನೋಡ್ರಿ" ಎಂದ. ಪಟ್ಟಿಯ ಉಳಿದ ಭಾಗದ ಮೇಲೆ ಹೊಲಿಗೆ ನೀಟಾಗಿ ಕುಳಿತಿತು. ನಮ್ಮವರು ಬಾಗಿಲಲ್ಲಿ ನಿಂತು ಮೊಬೈಲ್ ನೋಡುತ್ತಿದ್ದರು.

ಬ್ಲೌಸು ಹೊಲಿದು ಕೊಟ್ಟೆ. ಹುಡುಗಿಯ ತಾಯಿ ಅದನ್ನು ತಿರುವಿ ತಿರುವಿ ನೋಡಿ, "ನಮ್ಮ ಯಜಮಾನ್ರಿಗೆ ತೋರಸ್ತೇನ್ರಿ" ಎಂದು ಎದೆಗವಚಿಕೊಂಡು ಹೋದಳು. ಮರುದಿನ ಮೈದುನ ನನ್ನ ಹಳೆಯ ಪ್ಲೇಟು ಹಿಡಿದು ಬಂದ. ಅಂಟು ಹಚ್ಚಿದ ರೆಕ್ಸಿನ್ನಿನ ಮೇಲೆ ಭಾರಕ್ಕೆಂದು ಇಟ್ಟಿದ್ದನಂತೆ. ತೂತಿನ ತುಂಬ ಅಂಟು. "ಸಿಕ್ಕಿತ್ ನೋಡ್ರಿ ವೈನಿ. ಸುಮ್ನ ಬೆಳಗಾವಿತನಾ ಹೋದ್ರಿ" ಎಂದು ಹಲ್ಲು ಕಿರಿದ. ಮನೆಯಲ್ಲಿ ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮುಂದೆ ತವರಿಗೆ ಹೊರಟ ದಿನ, ಮಷೀನಿನ ಪ್ಲೇಟು, ಹಲ್ಲು, ಫೂಟು ಮೂರನ್ನೂ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ಹಾಕಿಕೊಂಡೆ. ಅತ್ತೆ ನೋಡುತ್ತಲೇ ಇದ್ದರು.

"ಮನಿ ಮಂದಿ ಮ್ಯಾಲ ನಂಬಿಕಿ ಇಲ್ಲೇನ ನಿನಗ?"

ನಮ್ಮವರು ಗಾಡಿಯ ಕೀಲಿ ಹಿಡಿದು ಬಾಗಿಲಲ್ಲೇ ನಿಂತರು. ಇಷ್ಟು ವರ್ಷ ಇಂಥ ಮಾತಿಗೆ 'ಹಂಗಲ್ರಿ ಅತ್ತಿ' ಎಂದು ನಕ್ಕು ಜಾರಿಕೊಂಡವಳು ನಾನು.

"ಇಲ್ರಿ" ಎಂದೆ. ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿದೆ.